ಬೂದುಛಾಯೆಯ ಸಾಕ್ಷ್ಯ: ಶಾಸನ ಮತ್ತು ಹಸ್ತಪ್ರತಿಗಳ ಚಿತ್ರಮುದ್ರಣದಲ್ಲಿ ಸಂಪಾದಕನ ಹೊಣೆ

ಮುದ್ರಣಯಂತ್ರಕ್ಕೆ ಬೂದುಬಣ್ಣವೆಂಬುದು ಗೊತ್ತಿಲ್ಲ. ಕಪ್ಪು ಮಸಿಯೊಂದರಿಂದಲೇ ಅಚ್ಚು ಹಾಕುವ ಯಂತ್ರವು ಕಾಗದದ ಒಂದು ಬಿಂದುವಿನ ಮೇಲೆ ಮಸಿಯನ್ನು ಇಡಬಲ್ಲದು, ಇಲ್ಲವೇ ಇಡದೆ ಬಿಡಬಲ್ಲದು. ಇವೆರಡರ ನಡುವಣ ಸ್ಥಿತಿ ಅದಕ್ಕೆ ಸಾಧ್ಯವಿಲ್ಲ. ಹಾಗಿದ್ದೂ ಛಾಯಾಚಿತ್ರಗಳು ಪುಸ್ತಕಗಳಲ್ಲಿ ಬೆಳಕು ನೆರಳುಗಳ ಎಲ್ಲ ಏರಿಳಿತಗಳೊಡನೆ ಅಚ್ಚಾಗುತ್ತಿವೆ. ಕಣ್ಣಿಗೆ ಬಿಡಿಬಿಡಿಯಾಗಿ ಕಾಣದಷ್ಟು ಸಣ್ಣ ಕಪ್ಪು ಚುಕ್ಕೆಗಳನ್ನು ದಟ್ಟವಾಗಿಯೋ ವಿರಳವಾಗಿಯೋ ಹಂಚಿ, ಅವು ದೂರದಿಂದ ಬೂದುಬಣ್ಣವಾಗಿ ತೋರುವಂತೆ ಮಾಡುವ ಉಪಾಯವೇ ಇದಕ್ಕೆ ಕಾರಣ. ಗಣಕಯಂತ್ರದ ಪರಿಭಾಷೆಯಲ್ಲಿ ಈ ಹಂಚಿಕೆಗೆ ಡಿದರಿಂಗ್ ಎಂದು ಹೆಸರು. ಯಾವ ಚಿತ್ರಕ್ಕೆ ಯಾವ ಬಗೆಯ ಹಂಚಿಕೆ ತಕ್ಕುದು ಎಂಬ ಪ್ರಶ್ನೆಯನ್ನು ಮುದ್ರಣಾಲಯದವರ ಪಾಲಿಗೆ ಬಿಡುವುದು ವಾಡಿಕೆ. ಕಾದಂಬರಿಯ ರಕ್ಷಾಪುಟದ ಮಟ್ಟಿಗೆ ಈ ವಾಡಿಕೆಯಲ್ಲಿ ತಪ್ಪೇನೂ ಇಲ್ಲ. ಆದರೆ ಶಾಸನದ ಪಡಿಯಚ್ಚು, ತಾಳೆಗರಿಯ ಚಿತ್ರ, ಲಿಪಿವಿಕಾಸದ ಪಟ್ಟಿಕೆ ಇಂಥವು ಅಚ್ಚಾಗುವ ಸಂಶೋಧನ ಗ್ರಂಥದಲ್ಲಿ ಇದು ಪಾಠನಿರ್ಣಯಕ್ಕೆ ಸಂಬಂಧಿಸಿದ ಪ್ರಶ್ನೆಯಾಗುತ್ತದೆ. ಪಾಠದ ಹೊಣೆ ಯಾರದೋ ಚಿತ್ರದ ಹೊಣೆಯೂ ಅವರದೇ ಆಗಬೇಕು.

ಈ ಮಾತಿಗೆ ಕನ್ನಡ ನಾಡಿನ ಹೊರಗಿರುವ ಅಧ್ಯಯನ ಕೇಂದ್ರಗಳಲ್ಲಿ ವಿಶೇಷ ಮಹತ್ತ್ವವಿದೆ. ಮೈಸೂರಿನಲ್ಲಿಯೋ ಧಾರವಾಡದಲ್ಲಿಯೋ ಓದುವ ವಿದ್ಯಾರ್ಥಿಗೆ ಪಾಠದ ಬಗ್ಗೆ ಸಂದೇಹ ಬಂದಾಗ ಕಲ್ಲಿನ ಬಳಿಗೇ ಹೋಗಿ ನೋಡುವ ಅವಕಾಶವುಂಟು. ಮುಂಬಯಿ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ಕನ್ನಡ ಲಿಪಿಶಾಸ್ತ್ರವನ್ನು ಅಭ್ಯಾಸ ಮಾಡುವವರಿಗೆ ಬಹುಮಟ್ಟಿಗೆ ಅಚ್ಚಾದ ಫಲಕವೇ ಕಲ್ಲು, ಅಚ್ಚಾದ ಪುಟವೇ ಗರಿ. ಹಲ್ಮಿಡಿಯ ಶಾಸನದಲ್ಲಿ ಕಾಲದ ಉಲ್ಲೇಖವಿಲ್ಲ, ಕ್ರಿ.ಶ. ಸುಮಾರು 450 ಎಂದು ಬಹುಮಂದಿ ಒಪ್ಪಿರುವ ಕಾಲಕ್ಕೂ, ಅದನ್ನು ಇನ್ನಷ್ಟು ಈಚೆಗೆ ತರುವವರ ವಾದಕ್ಕೂ ಅಕ್ಷರಗಳ ಸ್ವರೂಪವೇ ಒಂದು ಮುಖ್ಯ ಆಧಾರ. ಒಂದು ಅಕ್ಷರದ ತಲೆಕಟ್ಟು ಎಷ್ಟು ಬಾಗಿದೆ, ಒಂದು ಗೆರೆ ಕೂಡಿದೆಯೇ ಬಿಟ್ಟಿದೆಯೇ ಎಂಬುದರ ಮೇಲೆ ದಶಕಗಳು ಹಿಂದುಮುಂದಾಗುವ ಕ್ಷೇತ್ರವಿದು. ಆ ಗೆರೆಯನ್ನು ಕೂಡಿಸಿದವನು ಕಲ್ಲುಕುಟಿಗನೋ ಗಣಕಯಂತ್ರವೋ ಎಂಬುದು ತಿಳಿಯದೆ ಹೋದರೆ ವಾದಕ್ಕೆ ನೆಲೆಯೇ ಉಳಿಯದು.

ಭಾರತೀಯ ಶಾಸನಶಾಸ್ತ್ರವು ಈ ಸಮಸ್ಯೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಎದುರಿಸಿತ್ತು. ಅಲೆಗ್ಸಾಂಡರ್ ಕನ್ನಿಂಗ್‌ಹ್ಯಾಮ್ 1877ರಲ್ಲಿ ಅಶೋಕನ ಶಾಸನಗಳ ಸಂಪುಟವನ್ನು ಹೊರತಂದಾಗ ಅದರ ಫಲಕಗಳು ಕೈಬರಹದ ಪ್ರತಿಗಳಿಂದ ಸಿದ್ಧವಾದ ಶಿಲಾಮುದ್ರಣಗಳಾಗಿದ್ದವು. ಬರೆದವರ ಕಣ್ಣು ಓದಿದ್ದನ್ನು ಕೈ ಬರೆದಿತ್ತು; ಆದ್ದರಿಂದ ಓದಿನ ತಪ್ಪು ಚಿತ್ರದಲ್ಲಿಯೂ ಇಳಿದು, ಪಾಠವನ್ನು ಚಿತ್ರದಿಂದ ಪರೀಕ್ಷಿಸುವ ದಾರಿಯೇ ಮುಚ್ಚಿತ್ತು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಅಧಿಕಾರಿಯಾಗಿದ್ದ ಜಾನ್ ಫೇಯ್ತ್‌ಫುಲ್ ಫ್ಲೀಟ್ ಈ ಪದ್ಧತಿಯನ್ನು ಬಿಟ್ಟರು. ಜೇಮ್ಸ್ ಬರ್ಜೆಸ್ 1872ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಫ್ಲೀಟರು ಪ್ರಕಟಿಸಿದ ಕನ್ನಡ ಶಾಸನಗಳ ಪ್ರತಿಕೃತಿಗಳೂ, 1888ರ ಗುಪ್ತಶಾಸನಗಳ ಸಂಪುಟದ ಫಲಕಗಳೂ ಮಸಿಯ ಪಡಿಯಚ್ಚುಗಳಿಂದ ಯಾಂತ್ರಿಕವಾಗಿ ತಯಾರಾದವು; ಲಂಡನ್ನಿನ ವಿಲಿಯಂ ಗ್ರಿಗ್ಸ್ ಅವರ ಫೋಟೋಲಿಥೋ ಮುದ್ರಣಾಲಯದಲ್ಲಿ ಅಚ್ಚಾದವು. ಅಶೋಕನ ಶಾಸನಗಳೂ ಹುಲ್ಟ್ಶ್ ಅವರ 1925ರ ಪರಿಷ್ಕರಣದಲ್ಲಿ ಯಾಂತ್ರಿಕ ಪ್ರತಿಕೃತಿಗಳೊಡನೆ ಬಂದವು. ಇವೆಲ್ಲದರ ಹಿಂದಿರುವ ತತ್ತ್ವ ಒಂದೇ: ಪಾಠವು ವಿದ್ವಾಂಸನದು, ಫಲಕವು ಕಲ್ಲಿನದು, ಒಂದು ಇನ್ನೊಂದರೊಳಗೆ ನುಸುಳಬಾರದು.

ಫೋಟೋಲಿಥೋ ಕೂಡ ನಡುಛಾಯೆಗಳನ್ನು ಹಿಡಿಯಲಾರದು ಎಂಬುದನ್ನು ಇಲ್ಲಿ ಮರೆಯುವಂತಿಲ್ಲ. ಆ ಕೊರತೆಯನ್ನು ತುಂಬಲೆಂದೇ 'ಎಪಿಗ್ರಾಫಿಯಾ ಇಂಡಿಕಾ'ದ ಅನೇಕ ಫಲಕಗಳು ಮುಂದೆ ಕೊಲೊಟೈಪ್ ಪದ್ಧತಿಯಲ್ಲಿ ಅಚ್ಚಾದವು. ಅದರಲ್ಲಿ ಜಾಲರಿಯ ಚುಕ್ಕೆಗಳಿಲ್ಲದೆಯೇ ಛಾಯೆ ಮೂಡುತ್ತದೆ. ಆದರೆ ಒಂದು ತಟ್ಟೆಯಿಂದ ತೆಗೆಯಬಹುದಾದ ಪ್ರತಿಗಳು ಕಡಿಮೆ, ವೆಚ್ಚವೂ ಹೆಚ್ಚು. ಸಾಮಾನ್ಯ ಪುಸ್ತಕಗಳಿಗೆ ನೆರವಾದುದು ಹಾಫ್‌ಟೋನ್. ಫಾಕ್ಸ್ ಟಾಲ್ಬಟ್ 1852ರಲ್ಲಿಯೇ ಜಾಲರಿಬಟ್ಟೆಯ ಮೂಲಕ ಛಾಯೆಯನ್ನು ಒಡೆಯುವ ವಿಚಾರವನ್ನು ಮುಂದಿಟ್ಟಿದ್ದರು. ಜರ್ಮನಿಯ ಗಿಯೋರ್ಗ್ ಮೈಸೆನ್‌ಬಾಖ್ 1882ರಲ್ಲಿ ಅದನ್ನು ವ್ಯವಹಾರಯೋಗ್ಯವಾಗಿಸಿ ಪೇಟೆಂಟ್ ಪಡೆದರು. ಅಂದಿನಿಂದ ಆಫ್‌ಸೆಟ್ ಬರುವ ತನಕ ಕನ್ನಡದ ಪ್ರಕಾಶಕರೂ ಎರಡು ಬಗೆಯ ಬ್ಲಾಕುಗಳನ್ನು ಬಲ್ಲವರಾಗಿದ್ದರು. ಗೆರೆಚಿತ್ರಕ್ಕೆ ಲೈನ್ ಬ್ಲಾಕ್, ಛಾಯಾಚಿತ್ರಕ್ಕೆ ಹಾಫ್‌ಟೋನ್ ಬ್ಲಾಕ್. ದರಗಳು ಬೇರೆಯಾಗಿದ್ದುದರಿಂದ ಯಾವುದು ಬೇಕೆಂದು ಸಂಪಾದಕನೇ ಬರೆದುಕೊಡಬೇಕಾಗುತ್ತಿತ್ತು. ಗಣಕಯಂತ್ರವು ಈ ಎರಡನ್ನೂ ಒಂದೇ ಆಜ್ಞೆಯೊಳಗೆ ಅಡಗಿಸಿತು. ಆಯ್ಕೆ ಇಂದಿಗೂ ಇದೆ. ಆದರೆ ಆಯ್ಕೆಮಾಡುತ್ತಿದ್ದೇವೆ ಎಂಬ ಅರಿವು ಮರೆಯಾಗಿದೆ.

ಇಂದು ಲಭ್ಯವಿರುವ ಕ್ರಮಗಳನ್ನು ಸ್ಥೂಲವಾಗಿ ನಾಲ್ಕಾಗಿ ವಿಂಗಡಿಸಬಹುದು. ಮೊದಲನೆಯದು ಥ್ರೆಶೋಲ್ಡ್, ಎಂದರೆ ಹೊಸ್ತಿಲಿನ ಕ್ರಮ. ಒಂದು ನಿಗದಿಯಾದ ಮಟ್ಟಕ್ಕಿಂತ ಗಾಢವಾದುದೆಲ್ಲ ಕಪ್ಪು, ತಿಳಿಯಾದುದೆಲ್ಲ ಬಿಳಿ. ಎರಡನೆಯದು ಹಾಫ್‌ಟೋನ್: ಸಮಾನ ಅಂತರದ ಚುಕ್ಕೆಗಳು ಛಾಯೆಗೆ ತಕ್ಕಂತೆ ಹಿಗ್ಗುತ್ತವೆ, ಕುಗ್ಗುತ್ತವೆ. ಮೂರನೆಯದು 1973ರಲ್ಲಿ ಬೇಯರ್ ನಿರೂಪಿಸಿದಂಥ ಕ್ರಮಬದ್ಧ ಹಂಚಿಕೆ. ಇದರಲ್ಲಿ ಸಣ್ಣದೊಂದು ಚೌಕದ ಬಿಂದುಗಳಿಗೆ ಬೇರೆ ಬೇರೆ ಹೊಸ್ತಿಲುಗಳನ್ನು ಕೊಟ್ಟು ಆ ಚೌಕವನ್ನೇ ಚಿತ್ರದುದ್ದಕ್ಕೂ ಹಾಸಲಾಗುತ್ತದೆ. ನಾಲ್ಕನೆಯದು ದೋಷಪ್ರಸರಣ. ಫ್ಲಾಯ್ಡ್ ಮತ್ತು ಸ್ಟೈನ್‌ಬರ್ಗ್ 1976ರಲ್ಲಿ ಪ್ರಕಟಿಸಿದ ಈ ಕ್ರಮದಲ್ಲಿ, ಒಂದು ಬಿಂದುವನ್ನು ಕಪ್ಪೋ ಬಿಳಿಯೋ ಮಾಡಿದಾಗ ಉಂಟಾದ ತಪ್ಪನ್ನು ಹದಿನಾರು ಪಾಲು ಮಾಡಿ, ಬಲಗಡೆಯ ಬಿಂದುವಿಗೆ 7, ಕೆಳಗಿನ ಎಡಕ್ಕೆ 3, ನೇರ ಕೆಳಕ್ಕೆ 5, ಕೆಳಗಿನ ಬಲಕ್ಕೆ 1 ಪಾಲಿನಂತೆ ವರ್ಗಾಯಿಸಲಾಗುತ್ತದೆ. ಸಾಲದ ಲೆಕ್ಕದಂತೆ ತಪ್ಪು ಮುಂದಕ್ಕೆ ಸಾಗಿ, ಒಟ್ಟು ಛಾಯೆ ಮೂಲಕ್ಕೆ ಸಮನಾಗಿ ಉಳಿಯುತ್ತದೆ.

ಇವುಗಳಲ್ಲಿ ಅತ್ಯಂತ ಬಳಕೆಯಲ್ಲಿರುವುದೂ ಅತ್ಯಂತ ಅಪಾಯಕಾರಿಯೂ ಆದುದು ಮೊದಲನೆಯದು. ಹೊಸ್ತಿಲಿನ ಕ್ರಮದಲ್ಲಿ ಅಚ್ಚಾದ ತಾಳೆಗರಿ ನೋಡಲು ಚೊಕ್ಕಟವಾಗಿರುತ್ತದೆ. ಹಿನ್ನೆಲೆಯ ಕೊಳೆ ಅಳಿದು ಅಕ್ಷರಗಳು ಎದ್ದು ಕಾಣುತ್ತವೆ. ಆ ಚೊಕ್ಕಟತನದ ಬೆಲೆಯೇನು ಎಂಬುದನ್ನು ಗರಿಯ ಸ್ವರೂಪದಿಂದಲೇ ತಿಳಿಯಬಹುದು. ಕಂಟದಿಂದ ಕೊರೆದ ಗೀರಿಗೆ ಮಸಿ ತೀಡಿದಾಗ ಅಕ್ಷರ ಕಾಣಿಸುತ್ತದೆ. ಕಾಲಾಂತರದಲ್ಲಿ ಮಸಿ ಉದುರಿದೆಡೆ ಗೀರು ಮಾತ್ರ ಉಳಿದು, ಪಕ್ಕದಿಂದ ಬಿದ್ದ ಬೆಳಕಿನಲ್ಲಿ ತೆಳುವಾದ ನೆರಳಾಗಿ ತೋರುತ್ತದೆ. ಆ ನೆರಳು ಬೂದುಬಣ್ಣದ್ದು. ಹೊಸ್ತಿಲು ಅದನ್ನು ಬಿಳಿಯ ಕಡೆಗೆ ತಳ್ಳಿದರೆ ಕೊರೆದ ಅಕ್ಷರ ಇಲ್ಲವಾಗುತ್ತದೆ. ಹೊಸ್ತಿಲನ್ನು ಸರಿಸಿ ಅದನ್ನು ಕಪ್ಪಿನೊಳಗೆ ಸೇರಿಸಿಕೊಂಡರೆ ಗರಿಯ ನಾರೂ ಕಲೆಯೂ ಅಕ್ಷರದ ಅಂಗಗಳಾಗುತ್ತವೆ. ಹುಳು ಕೊರೆದ ರಂಧ್ರಕ್ಕೂ ಅನುಸ್ವಾರದ ಸೊನ್ನೆಗೂ ಮೂಲದಲ್ಲಿ ಇರುವ ವ್ಯತ್ಯಾಸ ಅಂಚಿನ ಛಾಯೆಯಲ್ಲಿದೆ. ಸೊನ್ನೆಯ ಒಡಲಲ್ಲಿ ಗರಿಯ ಬಣ್ಣವಿರುತ್ತದೆ, ರಂಧ್ರದಲ್ಲಿ ಹಿಂದಿನ ಹಾಸಿನ ಬಣ್ಣವಿರುತ್ತದೆ. ಎಲ್ಲವೂ ಕಪ್ಪು ಬಿಳುಪಾದ ಮೇಲೆ ಈ ಭೇದವನ್ನು ಗುರುತಿಸುವ ಬಗೆ ಯಾವುದು?

ಗ್ರಂಥಸಂಪಾದನ ಶಾಸ್ತ್ರವು ಇಂಥ ಎಡೆಗಳಲ್ಲಿ ಕಟ್ಟುನಿಟ್ಟಾದ ಶಿಸ್ತನ್ನು ಬೋಧಿಸುತ್ತದೆ. ಅಸ್ಪಷ್ಟವಾದ ಅಕ್ಷರವನ್ನು ಆವರಣದೊಳಗೆ ಇಡಬೇಕು, ಲುಪ್ತವಾದೆಡೆ ಚುಕ್ಕೆಗಳನ್ನು ಹಾಕಬೇಕು, ಊಹಾಪಾಠವನ್ನು ಊಹೆಯೆಂದೇ ಸೂಚಿಸಬೇಕು. ಡಿ. ಎಲ್. ನರಸಿಂಹಾಚಾರ್ಯರಂಥವರು ಕನ್ನಡದಲ್ಲಿ ನೆಲೆಗೊಳಿಸಿದ ಈ ಶಿಸ್ತನ್ನು ಮೀರಿದ ಸಂಪಾದಕನನ್ನು ವಿದ್ವತ್ ಲೋಕ ಕ್ಷಮಿಸುವುದಿಲ್ಲ. ಹೊಸ್ತಿಲಿನ ಕ್ರಮ ಮಾಡುವುದು ಇದಕ್ಕೆ ನೇರ ವಿರುದ್ಧವಾದ ಕೆಲಸ. ಅದು ಸಂದೇಹವಿರುವ ಪ್ರತಿಯೊಂದು ಬಿಂದುವನ್ನೂ ನಿಸ್ಸಂದೇಹವೆಂದು ಸಾರುತ್ತದೆ, ಆವರಣವನ್ನು ಹಾಕುವುದಿಲ್ಲ, ಅಡಿಟಿಪ್ಪಣಿಯನ್ನು ಬರೆಯುವುದಿಲ್ಲ. ಕನ್ನಿಂಗ್‌ಹ್ಯಾಮರ ಕಾಲದ ಕೈಬರಹದ ಪ್ರತಿಯಲ್ಲಿ ಕಡೆಗೆ ಒಬ್ಬ ಮನುಷ್ಯನ ಓದಾದರೂ ಇತ್ತು; ಇಲ್ಲಿ ಯಾರೂ ಓದದೆಯೇ ಪಾಠ ತಿದ್ದಿಹೋಗಿರುತ್ತದೆ. ಬೂದುಛಾಯೆಯೆಂದರೆ ಚಿತ್ರದೊಳಗಿನ ಸಂದೇಹ. ಅದನ್ನು ಅಳಿಸುವ ಅಧಿಕಾರ ಸಂಪಾದಕನಿಗೂ ಇಲ್ಲ, ಮುದ್ರಕನಿಗಂತೂ ಇಲ್ಲ.

ಹಾಗಾದರೆ ಗೀರುಗಳನ್ನು ಸೂಕ್ಷ್ಮವಾಗಿ ಹಿಡಿಯುವ ದೋಷಪ್ರಸರಣವೇ ಎಲ್ಲಕ್ಕೂ ಮದ್ದೆಂದು ಹೇಳಬಹುದೇ? ಅದೂ ಸರಿಯಲ್ಲ. ಹಾಫ್‌ಟೋನಿನ ದೊಡ್ಡ ಚುಕ್ಕೆ ಅದರಲ್ಲಿಲ್ಲವಾದ್ದರಿಂದ ವಿವರಗಳು ಹೆಚ್ಚು ಚುರುಕಾಗಿ ಮೂಡುತ್ತವೆ ಎಂಬುದು ನಿಜ. ಮನೆಯ ಇಂಕ್‌ಜೆಟ್ ಯಂತ್ರಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ಆದರೆ ತೀರ ತಿಳಿ ಅಥವಾ ತೀರ ಗಾಢ ಛಾಯೆಗಳಲ್ಲಿ ಅದರ ಚುಕ್ಕೆಗಳು ಸಾಲುಗೂಡಿ ಬಳುಕುವ ಗೆರೆಗಳಂತೆ ತೋರುತ್ತವೆ. ಈ ದೋಷಕ್ಕೆ ತಂತ್ರಜ್ಞರು ಇಟ್ಟಿರುವ ಹೆಸರೇ 'ಹುಳು'. ಹುಳು ತಿಂದ ಗರಿಯ ಚಿತ್ರದಲ್ಲಿ ಗಣಕಯಂತ್ರದ ಹುಳುಗಳೂ ಸೇರಿಕೊಂಡರೆ ಓದುಗನ ಪಾಡು ಹೇಳತೀರದು. ಅದಕ್ಕಿಂತ ದೊಡ್ಡ ತೊಡಕು ಆಫ್‌ಸೆಟ್ಟಿನದು. 2400 ಬಿಂದುಗಳ ಸಾಂದ್ರತೆಯಲ್ಲಿ ಒಂದು ಬಿಂದುವಿನ ಅಗಲ ಸುಮಾರು 0.01 ಮಿ.ಮೀ.; ಅಷ್ಟು ಸಣ್ಣ ಒಂಟಿ ಚುಕ್ಕೆಯನ್ನು ಪ್ಲೇಟು ಹಿಡಿದಿಡಲಾರದು. ಕೆಲವು ಉಳಿದು ಕೆಲವು ಅಳಿದು ಛಾಯೆ ಚೆದುರುತ್ತದೆ. ಆದ್ದರಿಂದ ಆಫ್‌ಸೆಟ್ಟಿನಲ್ಲಿ ಅಚ್ಚಾಗುವ ಗ್ರಂಥಕ್ಕೆ ಇಂದಿಗೂ ಹಾಫ್‌ಟೋನೇ ವಿಶ್ವಾಸಾರ್ಹ. ಕ್ರಮಬದ್ಧ ಹಂಚಿಕೆಯ ಚೌಕುಳಿಯಂತೂ ಕಲ್ಲಿನ ಮೇಲ್ಮೈಯೊಡನೆ ಬೆರೆತು ಇಲ್ಲದ ವಿನ್ಯಾಸವನ್ನು ತೋರಿಸುವುದರಿಂದ ಪಡಿಯಚ್ಚುಗಳಿಗೆ ಸಲ್ಲದು.

ಹಾಫ್‌ಟೋನನ್ನು ಆಯ್ದ ಮಾತ್ರಕ್ಕೆ ಹೊಣೆ ಮುಗಿಯುವುದಿಲ್ಲ. ಅಲ್ಲಿಂದ ಮುಂದೆ ಸರಳವಾದ ಒಂದು ಗಣಿತವಿದೆ. ಒಂದು ಅಂಗುಲದಲ್ಲಿ ಯಂತ್ರ ಇಡಬಲ್ಲ ಬಿಂದುಗಳ ಸಂಖ್ಯೆಯನ್ನು ಒಂದು ಅಂಗುಲದ ಸ್ಕ್ರೀನ್ ಸಾಲುಗಳ ಸಂಖ್ಯೆಯಿಂದ ಭಾಗಿಸಿ, ಬಂದುದನ್ನು ವರ್ಗಮಾಡಿ, ಒಂದನ್ನು ಕೂಡಿಸಿದರೆ ದೊರೆಯುವ ಛಾಯೆಗಳ ಸಂಖ್ಯೆ ತಿಳಿಯುತ್ತದೆ. 2400 ಬಿಂದುಗಳ ಯಂತ್ರದಲ್ಲಿ 150 ಸಾಲುಗಳ ಸ್ಕ್ರೀನ್ ಇಟ್ಟರೆ 257 ಛಾಯೆಗಳು ಸಿಗುತ್ತವೆ. ಅದೇ 150 ಸಾಲುಗಳನ್ನು 600 ಬಿಂದುಗಳ ಲೇಸರ್ ಯಂತ್ರದಲ್ಲಿ ಇಟ್ಟರೆ ಸಿಗುವುದು ಕೇವಲ 17. ಕಲ್ಲಿನ ಮೇಲ್ಮೈ ಆಗ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಆ ಯಂತ್ರಕ್ಕೆ 75 ಸಾಲುಗಳ ಸ್ಕ್ರೀನ್ ಮೇಲು. 65 ಛಾಯೆಗಳಾದರೂ ದೊರಕುತ್ತವೆ. ಸ್ಕ್ರೀನ್ ಸೂಕ್ಷ್ಮವಾದಷ್ಟೂ ಚಿತ್ರ ಉತ್ತಮ ಎಂಬ ನಂಬಿಕೆ ಹೀಗೆ ಯಂತ್ರದ ಶಕ್ತಿಯನ್ನು ಅರಿಯದ ನಂಬಿಕೆ. ಕಾಗದದ ಗುಣವನ್ನೂ ಗಣಿಸಬೇಕು. ಲೇಪವಿಲ್ಲದ ಮ್ಯಾಪ್‌ಲಿಥೋ ಮಸಿಯನ್ನು ಹೀರಿಕೊಳ್ಳುತ್ತದೆ, ಚುಕ್ಕೆ ಹರಡುತ್ತದೆ. ಶೇಕಡಾ 50 ಎಂದು ಕೊಟ್ಟ ಛಾಯೆ ಕಾಗದದ ಮೇಲೆ 70ರ ಆಸುಪಾಸಿಗೆ ಏರುವುದು ಅಪರೂಪವಲ್ಲ.

ಈ ಹರಡುವಿಕೆ ಪಡಿಯಚ್ಚುಗಳಿಗೆ ವಿಶೇಷವಾಗಿ ಮಾರಕ. ಒದ್ದೆಯ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಕುಂಚದಿಂದ ಬಡಿದು, ಮೇಲೆ ಮಸಿ ಸವರಿದಾಗ ಕೊರೆದ ಅಕ್ಷರಗಳು ಮಸಿ ತಾಗದೆ ಬಿಳಿಯಾಗಿ ಉಳಿಯುತ್ತವೆ. ಪುಸ್ತಕದ ಅಕ್ಷರ ಬಿಳಿಯ ಮೇಲೆ ಕಪ್ಪಾದರೆ, ಪಡಿಯಚ್ಚಿನ ಅಕ್ಷರ ಕಪ್ಪಿನ ನಡುವಣ ಬಿಳಿ. ಸುತ್ತಲಿನ ಮಸಿ ಹರಡಿದಾಗ ಮೊದಲು ಮುಚ್ಚುವುದು ತೆಳುವಾದ ಬಿಳಿಯ ಗೆರೆಗಳೇ, ಎಂದರೆ ಅಕ್ಷರದ ಕೊಕ್ಕೆ ಬಾಲಗಳೇ. ಫಲಕವನ್ನು ಎದ್ದು ಕಾಣುವಂತೆ ಮಾಡಲೆಂದು ಅದನ್ನು ಇನ್ನಷ್ಟು ಕಪ್ಪಾಗಿಸುವ ಮುದ್ರಕನು ಒಳ್ಳೆಯ ಉದ್ದೇಶದಿಂದಲೇ ಶಾಸನವನ್ನು ಹೂಳುತ್ತಿರುತ್ತಾನೆ. ಪಡಿಯಚ್ಚನ್ನು ಮೂಲಕ್ಕಿಂತ ತುಸು ತಿಳಿಯಾಗಿಸಿ, ಸಾಧ್ಯವಾದಷ್ಟು ದೊಡ್ಡದಾಗಿ, ಆರ್ಟ್ ಪೇಪರಿನಲ್ಲಿ ಅಚ್ಚು ಹಾಕಿಸುವುದೇ ಇದಕ್ಕೆ ಪರಿಹಾರ.

ಗಾತ್ರದ ಮಾತು ಗರಿಗಳಿಗೂ ಅನ್ವಯಿಸುತ್ತದೆ. ಒಂದು ಮೊಳದ ಗರಿಯನ್ನು 12 ಸೆಂ.ಮೀ. ಅಗಲದ ಪುಟಕ್ಕೆ ಇಳಿಸಿದರೆ ಎಲ್ಲವೂ ಸುಮಾರು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ, 0.2 ಮಿ.ಮೀ. ಅಗಲದ ಗೀರು 0.05 ಮಿ.ಮೀ. ಸುಮಾರಿಗೆ ಕುಗ್ಗುತ್ತದೆ. 150 ಸಾಲುಗಳ ಸ್ಕ್ರೀನಿನ ಒಂದು ಮನೆಯ ಅಗಲವೇ 0.17 ಮಿ.ಮೀ. ಗೀರಿಗಿಂತ ಮೂರು ಪಟ್ಟು ಅಗಲವಾದ ಜರಡಿಯಲ್ಲಿ ಗೀರು ನಿಲ್ಲುವುದೆಂತು? ಇಂಥ ಚಿತ್ರ ಪುಟಕ್ಕೆ ಅಲಂಕಾರವಾದೀತೇ ಹೊರತು ಆಧಾರವಾಗದು. ಇಡೀ ಗರಿಯ ಸಣ್ಣ ಚಿತ್ರಕ್ಕೆ ಬದಲಾಗಿ ವಿವಾದಕ್ಕೆ ಒಳಗಾದ ಒಂದು ಸಾಲನ್ನು ಮೂಲದ ಗಾತ್ರದಲ್ಲಿ ಕೊಟ್ಟರೆ ಸಂಶೋಧನೆಗೆ ನಿಜವಾದ ಉಪಕಾರವಾಗುತ್ತದೆ.

ಗೆರೆಚಿತ್ರಗಳ ಧರ್ಮವೇ ಬೇರೆ. ನಕ್ಷೆ, ದೇವಾಲಯದ ತಳವಿನ್ಯಾಸ, ಅಕ್ಷರಗಳ ಪಟ್ಟಿಕೆ ಇವುಗಳಲ್ಲಿ ಸಂದೇಹದ ಛಾಯೆಯಿಲ್ಲ. ಇರುವುದು ಕಪ್ಪು ಗೆರೆ ಮಾತ್ರ. ಛಾಯಾಚಿತ್ರಕ್ಕೆ ಅನ್ಯಾಯ ಮಾಡುವ ಹೊಸ್ತಿಲಿನ ಕ್ರಮ ಇಲ್ಲಿ ನ್ಯಾಯವಾದ ಕ್ರಮ. ಆದರೆ ಸ್ಕ್ಯಾನಿನ ಸಾಂದ್ರತೆ ಅಚ್ಚಾಗುವ ಗಾತ್ರದಲ್ಲಿ ಅಂಗುಲಕ್ಕೆ 1200 ಬಿಂದುಗಳಷ್ಟಾದರೂ ಇರಬೇಕು. ಛಾಯಾಚಿತ್ರಕ್ಕೆ ಸಾಕಾಗುವ 300 ಇಲ್ಲಿ ಸಾಲದು. ಗೆರೆಗಳನ್ನು ಬೂದುಬಣ್ಣದಲ್ಲಿ ಎಳೆಯುವುದು ಸಾಮಾನ್ಯವಾದ ಇನ್ನೊಂದು ತಪ್ಪು. ಬೂದು ಗೆರೆಯೂ ಸ್ಕ್ರೀನಿನ ಮೂಲಕವೇ ಹಾದುಬರಬೇಕಾದ್ದರಿಂದ ಚುಕ್ಕೆಗಳ ಸಾಲಾಗಿ ಒಡೆಯುತ್ತದೆ. ತಿಳಿಯಾದ ಗೆರೆ ಬೇಕಿದ್ದರೆ ಬಣ್ಣವನ್ನು ತಿಳಿಯಾಗಿಸದೆ ಗೆರೆಯನ್ನೇ ತೆಳುವಾಗಿಸಬೇಕು. ಅದಕ್ಕೂ ಒಂದು ಮಿತಿಯುಂಟು. ಕಾಲು ಪಾಯಿಂಟಿನ ಗೆರೆ ಸುಮಾರು 0.09 ಮಿ.ಮೀ.; ಅದಕ್ಕಿಂತ ಕೆಳಗಿಳಿಯದಿರುವುದು ಲೇಸು. ತಂತ್ರಾಂಶಗಳಲ್ಲಿ 'ಹೇರ್‌ಲೈನ್' ಎಂಬ ಆಯ್ಕೆ ಕೆಲವೊಮ್ಮೆ ಯಂತ್ರದ ಒಂದೇ ಬಿಂದುವಿನಷ್ಟು ಅಗಲದ ಗೆರೆಯನ್ನು ಎಳೆಯುತ್ತದೆ. ಕರಡು ತೆಗೆಯುವ 300 ಬಿಂದುಗಳ ಯಂತ್ರದಲ್ಲಿ ಚೆನ್ನಾಗಿಯೇ ಕಂಡ ಆ ಗೆರೆ 2400ರ ಪ್ಲೇಟಿನಲ್ಲಿ ಎಂಟನೆಯ ಒಂದು ಪಾಲಾಗಿ ಮಾಯವಾಗುತ್ತದೆ. ಕರಡನ್ನು ತಿದ್ದಿದವನು ಅದನ್ನು ಕಾಣುವುದು ಪುಸ್ತಕ ಹೊರಬಂದ ಮೇಲೆಯೇ.

ಕನ್ನಡ ಲಿಪಿಯ ಸಂದರ್ಭದಲ್ಲಿ ತೆಳುಗೆರೆಯ ಪ್ರಶ್ನೆ ಸೌಂದರ್ಯದ್ದಷ್ಟೇ ಆಗಿ ಉಳಿಯುವುದಿಲ್ಲ. ಪಕಾರದ ಒಡಲಿಗೆ ಒಂದು ಗೆರೆ ಹೊಕ್ಕರೆ ಷಕಾರ; ರಕಾರದ ಒಳಗೆ ಒಂದು ಚುಕ್ಕೆ ಬಿದ್ದರೆ ಠಕಾರ; ದಕಾರದ ಬುಡ ಸೀಳಿದರೆ ಧಕಾರ, ಅದರೊಳಗೆ ಚುಕ್ಕೆಯೂ ಸೇರಿದರೆ ಥಕಾರ. ಬೂದು ಹಿನ್ನೆಲೆಯ ಮೇಲೆ ಸಣ್ಣ ಅಕ್ಷರಗಳನ್ನು ಅಚ್ಚು ಹಾಕಿದಾಗ ಹಿನ್ನೆಲೆಯ ಚುಕ್ಕೆ ಯಾವ ರಕಾರದ ಒಡಲಲ್ಲಿ ಬೀಳುವುದೋ ಹೇಳುವಂತಿಲ್ಲ. ಅಕ್ಷರಗಳನ್ನು ಚಿತ್ರದ ಭಾಗವಾಗಿಸದೆ ಪ್ರತ್ಯೇಕವಾಗಿ, ಅಪ್ಪಟ ಕಪ್ಪಿನಲ್ಲಿಯೇ ಜೋಡಿಸಬೇಕೆಂಬ ನಿಯಮಕ್ಕೆ ಕಾರಣ ಇದೇ. ಯಂತ್ರದ ನಿರ್ಣಯವನ್ನು ಪರೀಕ್ಷಿಸದೆ ಒಪ್ಪಿದರೆ ಏನಾದೀತು ಎಂಬುದಕ್ಕೆ 2013ರಲ್ಲಿ ಬೆಳಕಿಗೆ ಬಂದ ಒಂದು ಸಂಗತಿ ಸಾಕ್ಷಿ. ಹೆಸರಾಂತ ಕಂಪೆನಿಯೊಂದರ ಸ್ಕ್ಯಾನ್ ಯಂತ್ರಗಳು ಕಪ್ಪು ಬಿಳುಪಿನ ಪುಟಗಳನ್ನು ಸಂಕುಚಿತಗೊಳಿಸುವಾಗ, ನೋಟಕ್ಕೆ ಹೋಲುವ ಅಂಕೆಗಳಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಇಡುತ್ತಿದ್ದುದು ಆಗ ಪತ್ತೆಯಾಯಿತು. ಪುಟ ಸ್ಫುಟವಾಗಿತ್ತು, ಅಂಕೆ ತಪ್ಪಾಗಿತ್ತು. ಹೋಲುವ ಅಕ್ಷರಗಳು ಹೇರಳವಾಗಿರುವ ಕನ್ನಡಕ್ಕೆ ಇದು ಎಚ್ಚರಿಕೆಯ ಮಾತು.

ಇಷ್ಟೆಲ್ಲ ತೊಡಕಿನ ಮುದ್ರಣವೇಕೆ, ಚಿತ್ರಗಳನ್ನು ಅಂತರ್ಜಾಲದಲ್ಲಿ ಒದಗಿಸಿದರಾಯಿತು ಎಂಬ ಆಕ್ಷೇಪ ಸಹಜ. ಪರದೆಗೆ ಬೂದುಬಣ್ಣ ಗೊತ್ತಿದೆ ಎಂಬುದು ನಿಜ. ಆದರೆ ಪರದೆಯ ಮೇಲೆ ಬರುವುದು ಸ್ಕ್ಯಾನ್ ಮಾಡಿದವರು ಉಳಿಸಿದ್ದಷ್ಟೇ. ಹಳೆಯ ಸಂಪುಟಗಳ ಅನೇಕ ಅಂತರ್ಜಾಲ ಪ್ರತಿಗಳು ಕಡತದ ಗಾತ್ರವನ್ನು ತಗ್ಗಿಸಲೆಂದು ಕಪ್ಪು ಬಿಳುಪಿನಲ್ಲಿಯೇ ತಯಾರಾಗಿವೆ. ಪಾಠದ ಪುಟಗಳು ಅವುಗಳಲ್ಲಿ ಓದಲು ಬರುತ್ತವೆ, ಫಲಕಗಳು ಮಸಿಯ ಮುದ್ದೆಗಳಾಗಿವೆ. ಫ್ಲೀಟರ ಕಾಲದಿಂದ ಕಾಪಾಡಿಕೊಂಡು ಬಂದ ಯಾಂತ್ರಿಕ ಪ್ರತಿಕೃತಿಯ ಪರಂಪರೆ ಕಟ್ಟಕಡೆಯ ಹೆಜ್ಜೆಯಲ್ಲಿ ಮುರಿದಿದೆ. ಮೂಲಶಿಲೆಯಿಂದ ದೂರವಿರುವ ವಿದ್ಯಾರ್ಥಿಯ ಕೈಗೆ ಸಿಗುವುದು ಬಹುತೇಕ ಈ ಪ್ರತಿಗಳೇ ಎಂಬುದನ್ನು ನೆನೆದರೆ ನಷ್ಟದ ಅಳವು ಅರಿವಾಗುತ್ತದೆ. ವೆಚ್ಚದ ಆಕ್ಷೇಪಕ್ಕೂ ಉತ್ತರವಿದೆ. ನಾಲ್ಕು ಫಲಕಗಳಿಗೆ ಒಂದು ಫಾರಂ ಆರ್ಟ್ ಪೇಪರ್ ಸೇರಿಸಲು ಹಣವಿಲ್ಲದ ಪ್ರಕಾಶನ ಸಂಸ್ಥೆಗೂ, ಓದಲಾಗದ ಹತ್ತು ಫಲಕಗಳ ಬದಲು ಓದಬಹುದಾದ ಎರಡನ್ನು ಕೊಡುವುದು ಸಾಧ್ಯ. ಸ್ಪಷ್ಟತೆ ಬೇಕೆನ್ನುವವರು ಕೈಬರಹದ ರೇಖಾಪ್ರತಿಯನ್ನು ಪಕ್ಕದಲ್ಲಿ ಕೊಡಬಹುದು, ಅದು ಸಂಪಾದಕನ ಓದು ಎಂದು ಕೆಳಗೆ ಕಾಣಿಸಿದರೆ ಸಾಕು.

ಒಟ್ಟಿನಲ್ಲಿ ಅಗತ್ಯವಾದುದು ಹೊಸ ಯಂತ್ರವಾಗಲಿ ತಂತ್ರಾಂಶವಾಗಲಿ ಅಲ್ಲ. ಸ್ಕ್ಯಾನ್ ಪ್ರತಿಯನ್ನು ಬೂದುಛಾಯೆಯಲ್ಲಿಯೇ ಮಾಡಿ ಕಾಪಿಡುವುದು. ಛಾಯಾಚಿತ್ರಕ್ಕೂ ಗೆರೆಚಿತ್ರಕ್ಕೂ ಬೇರೆ ಬೇರೆ ಸೂಚನೆಯನ್ನು ಹಸ್ತಪ್ರತಿಯೊಡನೆಯೇ ಬರೆದುಕೊಡುವುದು. ಅಚ್ಚಾಗುವ ಕಾಗದದ ಮೇಲೆಯೇ ಫಲಕದ ಕರಡನ್ನು ತೆಗೆಸಿ, ಪಾಠದ ಕರಡನ್ನು ತಿದ್ದುವಷ್ಟೇ ಶ್ರದ್ಧೆಯಿಂದ ಮೂಲದೊಡನೆ ಹೋಲಿಸಿ ನೋಡುವುದು. ಪ್ರತಿ ಫಲಕದ ಅಡಿಯಲ್ಲಿ ಅಳತೆಯನ್ನೂ, ಚಿತ್ರವನ್ನು ತಿದ್ದಿದ್ದರೆ ಆ ಸಂಗತಿಯನ್ನೂ ನಮೂದಿಸುವುದು. ಗ್ರಂಥಸಂಪಾದನೆಯ ಪಠ್ಯಕ್ರಮದಲ್ಲಿ ಪಾಠಾಂತರ, ಪ್ರಕ್ಷೇಪ, ಸ್ಖಾಲಿತ್ಯಗಳ ಪಾಠಗಳೊಡನೆ ಇದಕ್ಕೂ ಎರಡು ತರಗತಿಗಳು ಮೀಸಲಾಗಬೇಕು. ಲಿಪಿಕಾರನ ಕೈತಪ್ಪುಗಳನ್ನು ಗುರುತಿಸಲು ಕಲಿಯುವ ವಿದ್ಯಾರ್ಥಿಯು ಕಡೆಯ ಲಿಪಿಕಾರನಾದ ಮುದ್ರಣಯಂತ್ರದ ತಪ್ಪುಗಳನ್ನೂ ಗುರುತಿಸಲು ಕಲಿಯಬೇಕಾದುದು ನ್ಯಾಯ.